ಮೇಲೆ ಮರಗಪ್ಪೆ, ಕೆಳಗೆ ನೆಲಗಪ್ಪೆ: ಒಂದೇ ಟ್ಯಾಂಕಿನ ಪ್ರಕರಣ

ಉಡುಪಿಯಿಂದ ಹೆಚ್ಚು ದೂರವಿಲ್ಲದ ಒಂದು ಮನೆಯಲ್ಲಿ ನಡೆದದ್ದು ಇದು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಹುಡುಗನನ್ನು ಹುಡುಗ ಎಂದೇ ಕರೆಯುತ್ತೇನೆ, ಅಜ್ಜಿಯನ್ನು ಅಜ್ಜಿ ಎಂದು. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದವನು, ವೈದ್ಯನಲ್ಲ. ಮೀನು, ಕಪ್ಪೆ ಸಾಕುವವರು ಏನಾದರೂ ಎಡವಟ್ಟಾದಾಗ ಫೋನು ಮಾಡುತ್ತಾರೆ, ಅಷ್ಟೇ. ಈ ಪ್ರಕರಣದಲ್ಲಿ ಎಡವಿದವರಲ್ಲಿ ನಾನೂ ಒಬ್ಬ. ಬರೆಯಲು ಕೂತದ್ದು ಮುಖ್ಯವಾಗಿ ಅದಕ್ಕೇ.

ಹಿನ್ನೆಲೆ

ಹುಡುಗ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದ. ಅವನ ಹತ್ತಿರ ಮೂರು ವೈಟ್ಸ್ ಟ್ರೀ ಫ್ರಾಗ್ ಇದ್ದವು. ಸಾಕುವವರ ಬಾಯಲ್ಲಿ ಇವು ‘ಡಂಪಿ’. ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಹಸಿರು ಮರಗಪ್ಪೆ. ಬೆಳೆದ ಹೆಣ್ಣು 10 ಸೆಂ.ಮೀ. ಮುಟ್ಟುತ್ತದೆ, ಚೆನ್ನಾಗಿ ನೋಡಿಕೊಂಡರೆ 15 ವರ್ಷ ದಾಟಿಯೂ ಬದುಕುತ್ತದೆ. ಕಣ್ಣಿನ ಮೇಲೆ ಕೊಬ್ಬಿನ ಮಡಿಕೆ ಇಳಿದು, ಸಮಾರಾಧನೆಯ ಊಟ ಮುಗಿಸಿ ಚಾವಡಿಯಲ್ಲಿ ಕೂತವರ ಹಾಗೆ ಕಾಣುವ ಮುಖ ಅವುಗಳದ್ದು.

ಮೂರಡಿ ಉದ್ದ, ಎರಡಡಿ ಎತ್ತರದ ಗಾಜಿನ ಟ್ಯಾಂಕು, ಮೇಲೆ ಜಾಲರಿ ಮುಚ್ಚಳ. ಒಳಗೆ ಅಡ್ಡಡ್ಡ ಕಟ್ಟಿದ ಗೇರುಮರದ ಗೆಲ್ಲುಗಳು, ಒಂದು ಮನಿಪ್ಲಾಂಟ್, ನೆಲದಲ್ಲಿ ತೆಂಗಿನ ನಾರಿನ ಪುಡಿ, ಮೂಲೆಯಲ್ಲಿ ಪಿಂಗಾಣಿಯ ಅಗಲ ಬಟ್ಟಲು. ಹುಡುಗನಿಗೆ ಒಂದು ಒಳ್ಳೆಯ ಅಭ್ಯಾಸ ಇತ್ತು: ಚಿನ್ನ ತೂಗುವಂಥ ಪುಟ್ಟ ತಕ್ಕಡಿಯಲ್ಲಿ ಪ್ರತಿ ಭಾನುವಾರ ಕಪ್ಪೆಗಳನ್ನು ತೂಗಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಆ ಪುಸ್ತಕ ಇಲ್ಲದಿದ್ದರೆ ಈಗ ನಾನು ಬರೆಯುವುದರಲ್ಲಿ ಅರ್ಧ ಬರೀ ಊಹೆಯಾಗುತ್ತಿತ್ತು. ಮೇ ಕೊನೆಯ ಭಾನುವಾರ ದೊಡ್ಡದು 52 ಗ್ರಾಂ, ನಡುವಿನದು 44, ಚಿಕ್ಕದು 39.

ಎರಡು ಮಳೆಗಾಲದ ಹಿಂದೆ, ಜೂನ್ ತಿಂಗಳ ಒಂದು ರಾತ್ರಿ, ಜಗಲಿಯ ಬಲ್ಬಿನ ಅಡಿಯಲ್ಲಿ ಮಳೆಹುಳು ಹೆಕ್ಕುತ್ತಾ ಕೂತಿದ್ದ ಒಂದು ನೆಲಗಪ್ಪೆಯನ್ನು ಅವನ ತಂಗಿ ಮೊರದಲ್ಲಿ ಮುಚ್ಚಿ ಹಿಡಿದಳು. ಮೈಯೆಲ್ಲ ಗಂಟುಗಂಟು, ಏಳು ಸೆಂ.ಮೀ. ಇದ್ದಿರಬಹುದು. ನಮ್ಮ ಕಡೆ ಎಲ್ಲರ ಅಂಗಳದಲ್ಲೂ ಇರುವ ಸಾಮಾನ್ಯ ನೆಲಗಪ್ಪೆ. ಅದನ್ನು ಅವತ್ತೇ ಟ್ಯಾಂಕಿಗೆ ಬಿಟ್ಟರು.

ಹುಡುಗನ ಲೆಕ್ಕಾಚಾರ ಕೇಳಲು ಚೆನ್ನಾಗಿಯೇ ಇತ್ತು. ಡಂಪಿಗಳು ಗೆಲ್ಲಿನ ಮೇಲೆ, ಇದು ನೆಲದಲ್ಲಿ. ಅವಕ್ಕೆ ಉಪ್ಪರಿಗೆ, ಇದಕ್ಕೆ ಕೆಳಗಿನ ಕೋಣೆ. ಖಾಲಿ ಬಿದ್ದ ಜಾಗ ಉಪಯೋಗವಾಯಿತು, ಉಳಿದ ಹುಳುಗಳನ್ನೂ ಇದು ತಿಂದು ಚೊಕ್ಕ ಮಾಡುತ್ತದೆ. ಹತ್ತನೇ ದಿನ ನನಗೊಂದು ವಿಡಿಯೋ ಬಂತು: ಮೇಲೆ ಮೂರು ಹಸಿರು ಮುದ್ದೆ, ಕೆಳಗೆ ಬಟ್ಟಲಿನಲ್ಲಿ ನೆಲಗಪ್ಪೆ ಅರ್ಧ ಮುಳುಗಿ ಕೂತಿದೆ. “ಫುಲ್ ಹೊಂದಾಣಿಕೆ ಸರ್” ಎಂದು ಬರೆದಿದ್ದ.

ನಾನು ಹೆಬ್ಬೆರಳಿನ ಗುರುತು ಒತ್ತಿದೆ. ‘ಸರಿಯಲ್ಲ’ ಎಂದು ಮನಸ್ಸಿಗೆ ಬರದೆ ಇರಲಿಲ್ಲ. ಆದರೆ ಮದುವೆ ಮನೆಯಲ್ಲಿದ್ದೆ, ಆಮೇಲೆ ಮರೆತೆ.

ಸಮಸ್ಯೆ

ನೋಟ್‌ಬುಕ್ಕಿನಲ್ಲಿ ಮೊದಲ ಸೂಚನೆ ಹದಿನೈದು ದಿನದೊಳಗೇ ಇದೆ, ನೋಡುವ ಕಣ್ಣಿರಲಿಲ್ಲ. ಮೂರು ವಾರ ಕಳೆಯುವಾಗ ದೊಡ್ಡದು 51, ನಡುವಿನದು 38, ಚಿಕ್ಕದು 33 ಗ್ರಾಂ. ದೊಡ್ಡದು ಹೆಚ್ಚುಕಡಿಮೆ ಹಾಗೇ ಇದ್ದದ್ದರಿಂದ ‘ತಕ್ಕಡಿ ಸರಿಯಿಲ್ಲವೋ ಏನೋ’ ಎಂದುಕೊಂಡ.

ಇಪ್ಪತ್ತಮೂರನೇ ದಿನ ಬೆಳಿಗ್ಗೆ ಚಿಕ್ಕದು ಗೆಲ್ಲಿನ ಮೇಲಿರಲಿಲ್ಲ. ಬಟ್ಟಲಿನ ಪಕ್ಕ ಒದ್ದೆ ನಾರಿನ ಮೇಲೆ ಹಿಂಗಾಲು ಚಾಚಿ ಬಿದ್ದಿತ್ತು. ಬಣ್ಣ ಕಂದಿತ್ತು, ತೊಡೆಯ ಒಳಮಗ್ಗುಲಲ್ಲಿ, ಹೊಟ್ಟೆಯ ಕೆಳಗೆ ಕೆಂಪು. ಅವನು ಫೋನು ಮಾಡಿದಾಗ ನಾನು ಕೇಳಿದ ಮೊದಲ ಪ್ರಶ್ನೆ ನೀರಿನ ಬಗ್ಗೆ: “ನೀರು ಎಲ್ಲಿಯದು?”

“ಬಾವಿಯದ್ದೇ ಸರ್.”

“ಬಾವಿಗೆ ಎಂತದಾದರೂ ಹಾಕಿದ್ದಾರಾ?”

ಹಾಕಿದ್ದರು. ಹಿಂದಿನ ವಾರ ಮಳೆನೀರು ಬಾವಿಗೆ ಇಳಿದು ನೀರು ಕೆಂಪಾಗಿತ್ತು. ಆರೋಗ್ಯ ಕಾರ್ಯಕರ್ತೆಯರು ಬಂದು ಬ್ಲೀಚಿಂಗ್ ಪೌಡರ್ ಹಾಕಿ ಹೋಗಿದ್ದರು. ಕರಾವಳಿಯ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಇದು ಮಾಮೂಲು, ಮನುಷ್ಯರ ಆರೋಗ್ಯಕ್ಕೆ ಬೇಕಾದದ್ದೇ. ಆದರೆ ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯಡಿ, ತೊಡೆಯ ಬುಡದಲ್ಲಿರುವ ತೆಳು ಚರ್ಮದಿಂದ ಹೀರುತ್ತದೆ. ಅದು ಬಟ್ಟಲಿನಲ್ಲಿ ಕೂರುವುದು ಎಂದರೆ ಕುಡಿಯುವುದು. ನೀರಿನಲ್ಲಿ ಕ್ಲೋರಿನ್ ಇದ್ದರೆ ಅದೂ ಮೈಗೆ ತಾಗಿತು ಎಂದೇ ಅರ್ಥ.

ಇಲ್ಲಿ ನಾನು ಎಡವಿದೆ. ಕಾರಣ ಸಿಕ್ಕಿತು ಎಂದು ಖುಷಿಯಾಗಿ ಅಲ್ಲಿಗೇ ನಿಂತುಬಿಟ್ಟೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿ ಹಾಕಲು ಹೇಳಿದೆ, ಬಟ್ಟಲನ್ನು ದಿನಕ್ಕೆರಡು ಸಲ ತೊಳೆಯಲು ಹೇಳಿದೆ, ಚಿಕ್ಕದನ್ನು ಬೇರೆ ಡಬ್ಬಿಗೆ ಹಾಕಿಸಿದೆ. ನೆಲಗಪ್ಪೆಯನ್ನು ತೆಗೆ ಎಂದು ಹೇಳಲಿಲ್ಲ. ಬಾವಿಯ ಕತೆ ಅಷ್ಟು ಸರಿಯಾಗಿ ಕೂತಿತ್ತು.

ಚಿಕ್ಕದು ಇಪ್ಪತ್ತೈದನೇ ದಿನ ಸತ್ತಿತು. ಮಂಗಳೂರಿನಲ್ಲಿ ಇಂಥ ಪ್ರಾಣಿಗಳನ್ನು ನೋಡುವ ಪಶುವೈದ್ಯರೊಬ್ಬರ ಬಳಿ ಐಸ್ ಡಬ್ಬಿಯಲ್ಲಿ ಒಯ್ದರು. ಅವರು ಕೊಯ್ದು ನೋಡಿ, ಬ್ಯಾಕ್ಟೀರಿಯಾ ಸೋಂಕು ರಕ್ತಕ್ಕೆ ಏರಿದೆ, ಹೊಟ್ಟೆಯಲ್ಲಿ ಆಹಾರವೇ ಇಲ್ಲ, ದೇಹದ ಕೊಬ್ಬು ಕರಗಿದೆ ಎಂದರು. ತೊಡೆ ಕೆಂಪಾಗುವ ಈ ಕಾಯಿಲೆಗೆ ‘ರೆಡ್ ಲೆಗ್’ ಎಂಬ ಹಳೆಯ ಹೆಸರಿದೆ. ಏರೋಮೊನಾಸ್ ಥರದ ಬ್ಯಾಕ್ಟೀರಿಯಾ ನೀರು, ಮಣ್ಣಿನಲ್ಲಿ ಸದಾ ಇರುವಂಥದ್ದು, ಕಪ್ಪೆ ಕುಗ್ಗಿದಾಗ ಮೇಲೇರಿ ಕೂರುತ್ತದೆ. ಅವರು ಹೇಳಿದ್ದರಲ್ಲಿ ‘ಹೊಟ್ಟೆಯಲ್ಲಿ ಏನೂ ಇಲ್ಲ’ ಎಂಬ ಮಾತು ನಮ್ಮನ್ನು ಎಚ್ಚರಿಸಬೇಕಿತ್ತು. ಬ್ಲೀಚಿಂಗ್ ಪೌಡರ್ ಒಂದು ವಾರದ್ದು. ಮೈ ಕರಗಿದ್ದು ಮೂರು ವಾರದ್ದು.

ಮೂವತ್ತನಾಲ್ಕನೇ ರಾತ್ರಿ

ವೈದ್ಯರ ಮಾತಿನ ಮೇಲೆ ಹುಡುಗ ಒಂದು ಕೆಲಸ ಮಾಡಿದ: ಹಳೆಯ ಮೊಬೈಲನ್ನು ಟ್ಯಾಂಕಿನ ಎದುರು ನಿಲ್ಲಿಸಿ, ಸಣ್ಣ ಕೆಂಪು ದೀಪ ಹಾಕಿ, ಊಟ ಕೊಡುವ ಹೊತ್ತನ್ನು ಚಿತ್ರೀಕರಿಸತೊಡಗಿದ. ನನಗೆ ಐದು ರಾತ್ರಿಯ ತುಣುಕುಗಳನ್ನು ಕಳಿಸಿದ. ಉಪ್ಪರಿಗೆ–ಕೆಳಕೋಣೆಯ ಲೆಕ್ಕಾಚಾರ ಆ ತುಣುಕುಗಳಲ್ಲೇ ಮುರಿದು ಬಿತ್ತು.

ಹಗಲು ಎಲ್ಲವೂ ಅವನು ಹೇಳಿದ ಹಾಗೆಯೇ. ರಾತ್ರಿ ಎಂಟೂವರೆಗೆ ಡಂಪಿಗಳು ಕೆಳಗಿಳಿಯುತ್ತವೆ, ನೀರಿಗಾಗಿ. ಅದೇ ಹೊತ್ತಿಗೆ ನೆಲಗಪ್ಪೆಯೂ ಏಳುತ್ತದೆ. ಬಟ್ಟಲು ಒಂದೇ. ನೆಲಗಪ್ಪೆ ಅದರಲ್ಲಿ ಕೂತಿದ್ದರೆ ನಡುವಿನ ಡಂಪಿ ಅಂಚಿನವರೆಗೆ ಬಂದು, ಸ್ವಲ್ಪ ಹೊತ್ತು ಕಾದು, ಗಾಜು ಹತ್ತಿ ವಾಪಸು ಹೋಗುತ್ತದೆ. ಒಂದೇ ರಾತ್ರಿ ನಾಲ್ಕು ಸಲ ಹಾಗೆ ಬಂದು ಹೋದದ್ದನ್ನು ನಾನು ಎಣಿಸಿದೆ.

ಆಹಾರಕ್ಕೆಂದೇ ಸಾಕುವ ದುಬಿಯಾ ಜಿರಳೆಗಳನ್ನು ಬಿಟ್ಟದ್ದೇ ತಡ, ನೆಲಗಪ್ಪೆ ಟಪ್ ಟಪ್ ಎಂದು ಹೆಕ್ಕುತ್ತದೆ. ಡಂಪಿಗೆ ಅವಸರವಿಲ್ಲ, ಒಂದು ಹುಳುವನ್ನು ನೋಡಿ, ತಲೆ ವಾಲಿಸಿ, ಕಾಲು ಹೊಂದಿಸಿಕೊಂಡು, ಆಮೇಲೆ ಹಾರುವ ಜಾತಿ. ಅದು ಹಾರುವಷ್ಟರಲ್ಲಿ ಹುಳು ಇನ್ನೊಬ್ಬರ ಹೊಟ್ಟೆಯಲ್ಲಿರುತ್ತದೆ. ಐದು ರಾತ್ರಿಯಲ್ಲಿ ಹಾಕಿದ ಜಿರಳೆಗಳಲ್ಲಿ ಮುಕ್ಕಾಲು ಪಾಲು ನೆಲಗಪ್ಪೆಗೆ, ಉಳಿದದ್ದು ಹೆಚ್ಚಾಗಿ ದೊಡ್ಡ ಡಂಪಿಗೆ. ಮೂರು ವಾರ ಚಿಕ್ಕದು ಹಸಿದಿತ್ತು. ಟ್ಯಾಂಕಿಗೆ ಹುಳು ಹಾಕಿದ್ದೇವೆ ಎಂದ ಮಾತ್ರಕ್ಕೆ ಎಲ್ಲವೂ ಉಂಡವು ಎಂದಾಗುವುದಿಲ್ಲ. ಹತ್ತು ಮಕ್ಕಳ ಮನೆಯಲ್ಲಿ ಬೆಳೆದ ಅಜ್ಜಿಗೆ ಇದು ಗೊತ್ತಿತ್ತು, ನಮಗೆ ಹೊಳೆಯಲಿಲ್ಲ.

ಮೂವತ್ತನಾಲ್ಕನೇ ರಾತ್ರಿಯ ತುಣುಕು ನಲವತ್ತು ಸೆಕೆಂಡಿನದು. ಒಂದೇ ಜಿರಳೆಯ ಮೇಲೆ ದೊಡ್ಡ ಡಂಪಿ ಗೆಲ್ಲಿನಿಂದಲೂ ನೆಲಗಪ್ಪೆ ನೆಲದಿಂದಲೂ ಒಟ್ಟಿಗೆ ನುಗ್ಗಿದವು. ಜಿರಳೆ ತಪ್ಪಿಸಿಕೊಂಡಿತು. ಡಂಪಿಯ ಬಾಯಿಗೆ ಸಿಕ್ಕಿದ್ದು ನೆಲಗಪ್ಪೆಯ ತಲೆಯ ಹಿಂಭಾಗ, ಕಣ್ಣಿನ ಹಿಂದೆ ಉಬ್ಬಿರುವ ಆ ಎರಡು ಗ್ರಂಥಿಗಳ ಜಾಗ. ನೆಲಗಪ್ಪೆ ಮೈ ಉಬ್ಬಿಸಿ ನಿಂತಿತು. ಮೂರು ನಾಲ್ಕು ಸೆಕೆಂಡು. ಆಮೇಲೆ ಡಂಪಿ ಬಿಟ್ಟಿತು, ಹಿಂದಕ್ಕೆ ಕುಸಿದು ಕೂತಿತು, ಬಾಯಿ ಅಗಲ ತೆರೆದು ಎರಡೂ ಮುಂಗೈಗಳಿಂದ ನಾಲಗೆಯನ್ನು ಒರಸತೊಡಗಿತು. ಬೆರಳ ತುದಿಯ ಆ ದುಂಡು ಬಿಲ್ಲೆಗಳಿಗೆ ಬಿಳಿ ಅಂಟು ಹತ್ತಿಕೊಂಡದ್ದು ಕೆಂಪು ಬೆಳಕಿನಲ್ಲೂ ಕಾಣುತ್ತಿತ್ತು.

“ಸರ್, ಅದು ಬಾಯಿ ಉಜ್ಜುವುದು ಯಾಕೆ?” ಹುಡುಗ ಆ ಹೊತ್ತಿಗೇ ಫೋನು ಮಾಡಿದ್ದ.

ಮಳೆಗಾಲದಲ್ಲಿ ಮನೆಯ ನಾಯಿ ನೆಲಗಪ್ಪೆಯನ್ನು ಕಚ್ಚಿ ಬಾಯಲ್ಲಿ ನೊರೆ ಸುರಿಸಿ ಒದ್ದಾಡುವುದನ್ನು ನಮ್ಮಲ್ಲಿ ನೋಡದವರು ಕಡಿಮೆ. ಅದೇ ವಿಷ. ಬುಫೋಟಾಕ್ಸಿನ್ ಗುಂಪಿನದು, ಹೃದಯದ ಕಾಯಿಲೆಗೆ ಕೊಡುವ ಡಿಜಾಕ್ಸಿನ್ ಮಾತ್ರೆಯ ಹಾಗೆಯೇ ಹೃದಯದ ಬಡಿತದ ಮೇಲೆ ಕೆಲಸ ಮಾಡುತ್ತದೆ. ನೆಲಗಪ್ಪೆ ಸುಮ್ಮನೆ ಕೂತಲ್ಲಿ ಅದನ್ನು ಸುರಿಸುತ್ತಾ ಇರುವುದಿಲ್ಲ. ಒತ್ತಿದಾಗ, ಕಚ್ಚಿದಾಗ ಬಿಡುತ್ತದೆ. ಆಸ್ಟ್ರೇಲಿಯಾದ ನೆಲದಲ್ಲಿ ಈ ಕುಟುಂಬದ ನೆಲಗಪ್ಪೆಗಳು ಮೂಲತಃ ಇರಲೇ ಇಲ್ಲ. ಕಬ್ಬಿನ ತೋಟದ ದುಂಬಿ ತಿನ್ನಲಿ ಎಂದು 1935ರಲ್ಲಿ ಕ್ವೀನ್ಸ್‌ಲ್ಯಾಂಡಿಗೆ ಕೇನ್ ಟೋಡ್ ತಂದುಬಿಟ್ಟ ಮೇಲೆ ಅದನ್ನು ತಿಂದು ಸತ್ತ ಅಲ್ಲಿನ ಪ್ರಾಣಿಗಳು ಲೆಕ್ಕವಿಲ್ಲದಷ್ಟು. ಅಂದರೆ ನಮ್ಮ ಹುಡುಗನ ಡಂಪಿಯ ವಂಶಕ್ಕೇ ಈ ಗಂಟುಮೈಯವರ ಪರಿಚಯವಿಲ್ಲ. ಇದನ್ನೆಲ್ಲ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದವನು ನಾನು, ಟ್ಯಾಂಕಿನ ಎದುರು ನೆನಪಾಗಲಿಲ್ಲ.

ಆ ರಾತ್ರಿ ಮಾಡಿದ್ದು ಇಷ್ಟು. ಡಂಪಿಯನ್ನು ಬೇರೆ ಮಾಡಿ, ಆಂಟಿ ಕ್ಲೋರಿನ್ ಹಾಕಿ ಇಟ್ಟಿದ್ದ ನೀರನ್ನು ತಲೆ ತಗ್ಗಿಸಿ ಹಿಡಿದು ಬಾಯಿಯ ಮೇಲೆ ಮೆಲ್ಲಗೆ ಹರಿಸಿದರು. ಬೆರಳು ತೊಳೆದರು. ಕಾಲು ಇಂಚು ನೀರಿರುವ ಡಬ್ಬಿಯಲ್ಲಿ ತಲೆ ಮೇಲೆ ಇರುವಂತೆ ಕೂರಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿದರು. ವೈದ್ಯರು ಫೋನಿನಲ್ಲಿ ಹೇಳಿದ್ದೂ ಅದೇ. ಅದಕ್ಕೆಂದೇ ಒಂದು ಮದ್ದು ಇಲ್ಲ. ಹನ್ನೊಂದು ಗಂಟೆಗೆ ಹಿಂಗಾಲುಗಳು ಕಟ್ಟಿಗೆಯಂತೆ ಸೆಟೆದವು. ಹುಡುಗನ ಅಮ್ಮ, ಇಷ್ಟು ದಿನ ಕಪ್ಪೆಯ ಕೋಣೆಗೆ ಕಾಲಿಡದವರು, ಅಡುಗೆಮನೆಯಿಂದ ಒಂದೊಂದೇ ಚೆಂಬು ನೀರು ತಂದುಕೊಡುತ್ತಾ ಎರಡು ಗಂಟೆಯವರೆಗೆ ಎಚ್ಚರವಿದ್ದರಂತೆ. ಬೆಳಗಿನ ಜಾವ ಕಾಲು ಸಡಿಲವಾಯಿತು. ಮರುದಿನ ಸಂಜೆ ಡಬ್ಬಿಯ ಗೋಡೆ ಹತ್ತಿ ಕೂತಿತ್ತು.

ನನ್ನ ತೀರ್ಮಾನವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇದನ್ನು ‘ನೆಲಗಪ್ಪೆಯ ವಿಷ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಸತ್ತ ಕಪ್ಪೆಗೆ ಅನ್ಯಾಯ. ವಿಷ ತಾಗಿದ್ದು ದೊಡ್ಡದಕ್ಕೆ, ಅದು ಬದುಕಿತು. ಚಿಕ್ಕದು ಸತ್ತದ್ದು ಹಸಿವು, ಒದ್ದೆ ನೆಲ, ಹೊಲಸು ಬಟ್ಟಲು ಮೂರೂ ಸೇರಿ. ಬ್ಲೀಚಿಂಗ್ ಪೌಡರ್ ಕೊನೆಯ ಪೆಟ್ಟು ಕೊಟ್ಟಿರಲೂಬಹುದು. ಒದ್ದೆ ನೆಲದ ವಿಷಯ ಬಿಟ್ಟುಹೋಗಿತ್ತು: ನೆಲಗಪ್ಪೆಗೆ ಮೈ ಹೂತುಕೊಳ್ಳಲು ಹಸಿ ಮಣ್ಣು ಬೇಕೆಂದು ಹುಡುಗ ದಿನವೂ ನೀರು ಚಿಮುಕಿಸಿ ತಳವನ್ನು ಕೆಸರು ಮಾಡಿದ್ದ. ಡಂಪಿಗೆ ಗಾಳಿಯಾಡುವ, ಆಗಾಗ ಒಣಗುವ ಜಾಗ ಹಿತ. ಗೋಡೆಯೇ ಬೆವರುವ ನಮ್ಮ ಆಷಾಢದಲ್ಲಿ ನೀರು ಚಿಮುಕಿಸುವುದಕ್ಕಿಂತ ಸಣ್ಣ ಫ್ಯಾನು ಇಡುವುದೇ ಸರಿ. ಒಬ್ಬರಿಗೆ ಹೊಂದಿಸಿದ್ದು ಇನ್ನೊಬ್ಬರಿಗೆ ಕಾಯಿಲೆಯಾಯಿತು.

ನೆಲಗಪ್ಪೆಯನ್ನು ಏನು ಮಾಡುವುದು?

ಡಂಪಿಗಳನ್ನು ಬೇರೆ ಮಾಡುವುದು ಸುಲಭವಾಯಿತು. ಕಷ್ಟ ಬಂದದ್ದು ಇದರಲ್ಲಿ.

ಅಜ್ಜಿಯ ಮಾತು ನೇರ: “ಅಂಗಳದ್ದು ಅಂಗಳಕ್ಕೆ ಹೋಗಲಿ ಮಾಷ್ಟ್ರೇ. ಪಾಪ, ಅದನ್ನು ಯಾಕೆ ಹಿಡಿದಿಟ್ಟುಕೊಳ್ಳುವುದು?” ಬೇರೆ ಸಂದರ್ಭದಲ್ಲಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಈ ನೆಲಗಪ್ಪೆ ಐದು ವಾರ ಹೊರದೇಶದ ಮೂಲದ ಕಪ್ಪೆಗಳ ಜೊತೆ ಒಂದೇ ನೀರಿನಲ್ಲಿ ಕೂತಿದೆ, ಅದರಲ್ಲಿ ಒಂದು ಸೋಂಕಿನಿಂದ ಸತ್ತಿದೆ. ಕಪ್ಪೆಗಳ ಚರ್ಮಕ್ಕೆ ಬರುವ ಕೈಟ್ರಿಡ್ ಎಂಬ ಶಿಲೀಂಧ್ರ ರೋಗ ಜಗತ್ತಿನಲ್ಲಿ ಕನಿಷ್ಠ 501 ಉಭಯಚರ ಪ್ರಭೇದಗಳನ್ನು ಕುಗ್ಗಿಸಿದೆ, ಅದರಲ್ಲಿ 90 ಅಳಿದೇ ಹೋಗಿರಬೇಕು ಎಂದು ವಿಜ್ಞಾನಿಗಳು 2019ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಅದು ಊರಿಂದೂರಿಗೆ ಹಬ್ಬಲು ಸಾಕುಪ್ರಾಣಿ ವ್ಯಾಪಾರವೂ ಒಂದು ದಾರಿ. ಹುಡುಗನ ಡಂಪಿಗಳಲ್ಲಿ ಅದು ಇತ್ತೆಂದಲ್ಲ. ಚರ್ಮ ಒರಸಿ ಪರೀಕ್ಷೆ ಮಾಡಿಸದೆ ಇಲ್ಲ ಎನ್ನಲು ಬರುವುದಿಲ್ಲ, ಆ ಪರೀಕ್ಷೆ ನಮಗೆ ಆ ತಿಂಗಳು ಸಾಧ್ಯವಾಗಲಿಲ್ಲ.

ಇನ್ನೊಂದು ಕಡೆ, ನಮ್ಮ ಅಂಗಳ ಎಂದರೆ ಬರೀ ನೆಲಗಪ್ಪೆಯ ಅಂಗಳವಲ್ಲ. ಮಣಿಪಾಲದ ಮುರಕಲ್ಲಿನ ಬಯಲಿನಿಂದ 2016ರಲ್ಲಿ ಹೆಬ್ಬೆರಳ ಉಗುರಿನಷ್ಟಿರುವ ಒಂದು ಹೊಸ ಕಪ್ಪೆಯನ್ನು ಗುರುತಿಸಿ ಮೈಕ್ರೋಹೈಲಾ ಲ್ಯಾಟರೈಟ್ ಎಂದು ಹೆಸರಿಟ್ಟರು. 2018ರಲ್ಲಿ ಮಂಗಳೂರಿನದೇ ಇನ್ನೊಂದಕ್ಕೆ, ಕೊಡಿಯಾಲ ಎಂಬ ಆ ಊರಿನದೇ ಕೊಂಕಣಿ ಹೆಸರಿನಿಂದ, ಮೈಕ್ರೋಹೈಲಾ ಕೊಡಿಯಾಲ್ ಎಂದು. ಮಳೆ ಬಂದಾಗ ಹುಲ್ಲಿನಲ್ಲಿ ಕಿರಿಗುಡುವ ಆ ಚಿಕ್ಕವುಗಳಿಗೆ ನಮ್ಮ ಟ್ಯಾಂಕಿನ ನೀರು ತಾಗಬಾರದಲ್ಲ.

ನೀರು ಎನ್ನುವಾಗಲೇ ನೆನಪಾಗಿ ಕೇಳಿದೆ: ಬಟ್ಟಲಿನ ನೀರನ್ನು ಎಲ್ಲಿ ಚೆಲ್ಲುತ್ತಿದ್ದಿ? “ತೆಂಗಿನ ಬುಡಕ್ಕೆ ಸರ್.” ಐದು ವಾರ, ಅದರಲ್ಲಿ ಕೊನೆಯ ಹತ್ತು ಹನ್ನೆರಡು ದಿನ ದಿನಕ್ಕೆರಡು ಸಲ, ನನ್ನದೇ ಸಲಹೆಯಂತೆ. ಅವತ್ತಿನಿಂದ ಬಕೆಟಿನಲ್ಲಿ ಬ್ಲೀಚಿಂಗ್ ಪೌಡರ್ ಕಲಸಿ ಗಂಟೆಗಟ್ಟಲೆ ಇಟ್ಟು ಕಕ್ಕಸಿಗೆ ಸುರಿಯುವ ಏರ್ಪಾಡು ಮಾಡಿದೆವು. ಹಳೆಯ ನಾರಿನ ಪುಡಿಯನ್ನು ಒಲೆಗೆ ಹಾಕಿ ಸುಟ್ಟರು.

ನೆಲಗಪ್ಪೆಯನ್ನು ಬೇರೆ ಟಬ್ಬಿನಲ್ಲಿ, ಬೇರೆ ಬಟ್ಟಲು, ಬೇರೆ ಕೈಗವಸು ಬಳಸಿ ಕನಿಷ್ಠ ಎರಡು ತಿಂಗಳು ಇಡುವುದು, ಅಷ್ಟರಲ್ಲಿ ಪರೀಕ್ಷೆಗೆ ದಾರಿ ಹುಡುಕುವುದು, ಅರಣ್ಯ ಇಲಾಖೆಯವರನ್ನೂ ಕೇಳುವುದು ಎಂದು ತೀರ್ಮಾನವಾಯಿತು. ಕಾಡುಪ್ರಾಣಿಯನ್ನು ಮನೆಯಲ್ಲಿ ಹೀಗೆ ಇಟ್ಟುಕೊಳ್ಳುವುದೇ ನನಗೆ ಸರಿ ಕಾಣಲಿಲ್ಲ. ಬಿಡುವುದು ಅದಕ್ಕಿಂತ ಅಪಾಯ ಎನಿಸಿತು. ಹುಡುಗ ಒಪ್ಪಿದ. ಅಜ್ಜಿಯನ್ನು ನಾವ್ಯಾರೂ ಕೂತು ಒಪ್ಪಿಸಲಿಲ್ಲ, ಬರೀ ತಿಳಿಸಿದೆವು. ಅದು ಈ ಪ್ರಕರಣದ ಕೊನೆಯ ತಪ್ಪು.

ಹನ್ನೊಂದನೇ ದಿನ ಟಬ್ ಖಾಲಿ ಇತ್ತು. ಮುಚ್ಚಳ ಮಡಚಿ ಗೋಡೆಗೆ ಒರಗಿಸಿ ಇಡಲಾಗಿತ್ತು, ಬಟ್ಟಲು ತೊಳೆದು ಕವುಚಿತ್ತು. ನೆಲಗಪ್ಪೆ ಹಾಗೆಲ್ಲ ಪಾತ್ರೆ ತೊಳೆದು ಹೋಗುವುದಿಲ್ಲ. ಯಾರೂ ಅಜ್ಜಿಯನ್ನು ಕೇಳಲಿಲ್ಲ. ನಾನು ಹೋದಾಗ ಅವರೇ ಬೆಲ್ಲ ನೀರು ಕೊಟ್ಟು, “ಜೋರು ಮಳೆ ಇತ್ತು ಮಾಷ್ಟ್ರೇ ಆ ರಾತ್ರಿ, ಅದು ಒಳಗಿಂದ ಕೂಗುತ್ತಿತ್ತು” ಎಂದರು. ನನಗೆ ಸಿಟ್ಟು ಬಂದಿತ್ತು. ಆದರೂ ಗ್ಲಾಸು ಖಾಲಿ ಮಾಡಿದೆ. ಮಳೆಗಾಲ ಮುಗಿಯುವವರೆಗೆ ಹುಡುಗ ತೋಟದಲ್ಲಿ, ತೋಡಿನ ಬದಿಯಲ್ಲಿ ಸತ್ತ ಕಪ್ಪೆಗಳಿವೆಯೇ ಎಂದು ವಾರಕ್ಕೊಮ್ಮೆ ಸುತ್ತಿ ಬರುತ್ತಿದ್ದ. ಒಂದೂ ಸಿಗಲಿಲ್ಲ. ಸತ್ತ ಕಪ್ಪೆಯನ್ನು ಕಾಗೆ, ಇರುವೆ ಬಿಡುವುದೂ ಇಲ್ಲ. ಹಾಗಾಗಿ ಅದಕ್ಕೆ ನಾನು ಹೆಚ್ಚು ಅರ್ಥ ಹಚ್ಚುವುದಿಲ್ಲ.

ಉಳಿದ ಎರಡು ಡಂಪಿಗಳನ್ನು ಎರಡು ತಿಂಗಳು ಬೇರೆ ಬೇರೆ ಇಟ್ಟು, ಆಮೇಲೆ ಒಟ್ಟು ಮಾಡಿದರು. ಈಗ ಊಟವನ್ನು ಚಿಮುಟದಲ್ಲಿ ಒಂದೊಂದಕ್ಕೆ ಕೊಡುತ್ತಾನೆ, ಯಾವುದು ಎಷ್ಟು ತಿಂದಿತೆಂದು ತೂಕದ ಪಕ್ಕದಲ್ಲೇ ಬರೆಯುತ್ತಾನೆ. ಎರಡು ಬಟ್ಟಲು ಇಟ್ಟಿದ್ದಾನೆ. ಬಾವಿಗೆ ಪೌಡರ್ ಹಾಕಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಅಮ್ಮನ ಕೆಲಸ. ಡಿಸೆಂಬರಿನಲ್ಲಿ ನಡುವಿನದು 46 ಗ್ರಾಂ ಮುಟ್ಟಿತು, ದೊಡ್ಡದು 54.

ಕಳೆದ ತಿಂಗಳು ಮತ್ತೆ ಅವನ ಸಂದೇಶ ಬಂತು. ಟ್ಯಾಂಕಿನ ಫೋಟೋ, ಕೆಳಗೆ ಒಂದು ಪ್ರಶ್ನೆ: “ಸರ್, ಕೆಳಗೆ ಜಾಗ ಖಾಲಿ ಕಾಣುತ್ತದೆ. ಎಂತದಾದರೂ ಹಾಕಬಹುದಾ?”

ಈ ಸಲ ಹೆಬ್ಬೆರಳು ಒತ್ತದೆ ಕೂಡಲೇ ಫೋನು ಮಾಡಿದೆ. “ಹಲಸಿನ ಒಣ ಎಲೆ ಹಾಕು” ಎಂದೆ.